ಕೀನ್ಯಾ ಶಾಲಾ ಸೇವಾ ಯಾತ್ರೆ: ಬೆಳಗಾವಿ ತಂಡವನ್ನು ಸೇರಬಯಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿರುವ ನಮ್ಮ ಸಭೆಯಿಂದ ಕೀನ್ಯಾ ದೇಶದ ಕಿಸುಮು ನಗರದ ಸಮೀಪದ ಒಂದು ಪ್ರಾಥಮಿಕ ಶಾಲೆಗೆ ಸೇವಾ ತಂಡವೊಂದು ಹೊರಡಲಿದೆ. ಈ ಕುರಿತು ಭಾನುವಾರದ ಆರಾಧನೆಯ ನಂತರ ಸಭಿಕರು ಕೇಳುವ ಪ್ರಶ್ನೆಗಳಿಗೂ, ಬೈಲಹೊಂಗಲ, ಗೋಕಾಕ, ಗುಳೇದಗುಡ್ಡ ಮತ್ತು ವಿಜಯಪುರದ ಸಭೆಗಳವರು ದೂರವಾಣಿಯಲ್ಲಿ ವಿಚಾರಿಸುವ ಸಂಗತಿಗಳಿಗೂ ಇಲ್ಲಿ ಉತ್ತರ ಕೊಡಲಾಗಿದೆ. ಅರ್ಜಿ ಹಾಕುವ ಮೊದಲು ಇದನ್ನು ಪೂರ್ತಿಯಾಗಿ ಓದಿ, ಮನೆಯವರಿಗೂ ಓದಿ ಹೇಳಬೇಕೆಂದು ವಿನಂತಿ.

ಪ್ರಶ್ನೆ: ಈ ಯಾತ್ರೆಯ ಉದ್ದೇಶವೇನು?

ಆ ಶಾಲೆಯ ಶಿಕ್ಷಕರು ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಸುಮಾರು ಎರಡು ವಾರಗಳ ಕಾಲ ಹೆಗಲು ಕೊಡುವುದು. ಶಾಲೆ ಅವರದು, ಮಕ್ಕಳು ಅವರ ಮಕ್ಕಳು, ಪಾಠದ ಯೋಜನೆಯೂ ಅವರದೇ. ನಾವು ಹೋಗುವ ಮೊದಲೂ ಆ ಶಾಲೆ ನಡೆಯುತ್ತಿತ್ತು, ನಾವು ಬಂದ ಮೇಲೂ ನಡೆಯುತ್ತದೆ. ಆದ್ದರಿಂದ ಮುಖ್ಯ ಶಿಕ್ಷಕರು ಏನು ಕೇಳಿದ್ದಾರೋ ಅದನ್ನು ಮಾಡಲು ನಾವು ಹೋಗುತ್ತಿದ್ದೇವೆ. ನಮಗೆ ಏನು ಮಾಡಬೇಕೆನಿಸುತ್ತದೋ ಅದನ್ನು ಮಾಡಲು ಅಲ್ಲ. ಈ ಒಂದು ಮಾತನ್ನು ಒಪ್ಪಿಕೊಳ್ಳಲು ಕಷ್ಟವೆನಿಸುವವರಿಗೆ ಈ ತಂಡ ಸರಿಹೊಂದದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲೇ ಕಷ್ಟದಲ್ಲಿರುವ ಶಾಲೆಗಳಿರುವಾಗ ಅಷ್ಟು ದೂರ ಹೋಗುವುದೇಕೆ?

ಇದು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬರುವ ಪ್ರಶ್ನೆ, ಮತ್ತು ಕೇಳಲೇಬೇಕಾದ ಪ್ರಶ್ನೆ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಕಬ್ಬು ಕಡಿಯುವ ಗ್ಯಾಂಗುಗಳ ಜೊತೆಗೆ ಅವರ ಮಕ್ಕಳೂ ಊರು ಬಿಟ್ಟು ಗದ್ದೆಯ ಬದಿಯ ಗುಡಿಸಲುಗಳಿಗೆ ಬರುವುದನ್ನು, ಆ ತಿಂಗಳುಗಳಲ್ಲಿ ಅವರ ಓದು ನಿಂತುಹೋಗುವುದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಅಂಥ ಮಕ್ಕಳ ಬಳಿ ಕುಳಿತು ಓದು ಬರಹ ಕಲಿಸದವರು ಕಿಸುಮುವಿಗೆ ಹೋಗಿ ಕಲಿಸುತ್ತೇವೆ ಎನ್ನುವುದು ಸರಿಯಲ್ಲ. ಆದಕಾರಣ ತಂಡಕ್ಕೆ ಆಯ್ಕೆಯಾಗುವ ಪ್ರತಿಯೊಬ್ಬರೂ ಹೊರಡುವ ಮುಂಚಿನ ಹಂಗಾಮಿನಲ್ಲಿ ವಾರಕ್ಕೊಮ್ಮೆ ಇಲ್ಲಿನ ಮಕ್ಕಳಿಗೆ ಕಲಿಸುವ ಕೆಲಸದಲ್ಲಿ ತೊಡಗಿರಬೇಕು, ಮರಳಿದ ಮೇಲೆಯೂ ಅದನ್ನು ಮುಂದುವರಿಸಬೇಕು ಎಂಬುದು ಪಾಲನಾ ಸಮಿತಿಯ ನಿಯಮ.

ಆದರೂ ದೂರದೇಶಕ್ಕೆ ಹೋಗುವುದಕ್ಕೆ ಕಾರಣವಿದೆ. ನಮ್ಮ ಭಾಗದ ಶಾಲೆಗಳ ಚರಿತ್ರೆಯನ್ನು ತೆಗೆದರೆ ದೂರದಿಂದ ಬಂದವರ ಶ್ರಮ ಅದರಲ್ಲಿ ಸೇರಿದೆ. ಲಂಡನ್ ಮಿಷನರಿ ಸೊಸೈಟಿಯವರು ಬೆಳಗಾವಿಯಲ್ಲಿ 1820ರಲ್ಲಿ ಕೆಲಸ ಆರಂಭಿಸಿದರು. 1904ರಲ್ಲಿ ಆ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ಬೆನನ್ ಸ್ಮಿತ್ ಹೈಸ್ಕೂಲಿನಲ್ಲಿ ಓದಿದ ಎಷ್ಟೋ ಕುಟುಂಬಗಳು, ಕ್ರೈಸ್ತರಲ್ಲದ ಕುಟುಂಬಗಳೂ ಸೇರಿ, ಇಂದಿಗೂ ಈ ನಗರದಲ್ಲಿವೆ. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ನಿನವರು 1851ರಲ್ಲಿ ನೆಲೆಯೂರಿದರು. ಕೀನ್ಯಾದ ಕರಾವಳಿಗೆ 1844ರಲ್ಲಿ ಬಂದ ಮೊದಲ ಪ್ರೊಟೆಸ್ಟಂಟ್ ಮಿಷನರಿ ಯೋಹಾನ್ ಲುಡ್ವಿಗ್ ಕ್ರಾಫ್ ಅವರೂ ತರಬೇತಿ ಪಡೆದದ್ದು ಅದೇ ಬಾಸೆಲ್ಲಿನಲ್ಲಿ ಎಂಬುದು ನಮ್ಮ ಗುಳೇದಗುಡ್ಡದ ಸಭಿಕರಿಗೆ ಸಂತೋಷ ಕೊಡುವ ಸಂಗತಿ. ಪಡೆದವರು ಕೊಡುವವರೂ ಆಗಬೇಕು. ಆದರೆ ಹಿಂದಿನವರು ವರ್ಷಾನುಗಟ್ಟಲೆ ನೆಲೆಸಿ, ಭಾಷೆ ಕಲಿತು, ಅಲ್ಲೇ ಮಣ್ಣಾದರು. ನಮ್ಮದು ಹದಿನೈದು ದಿನಗಳ ಭೇಟಿ. ಅವರ ಹೆಸರನ್ನು ನಮ್ಮ ಯಾತ್ರೆಗೆ ಅಂಟಿಸಿಕೊಂಡು ದೊಡ್ಡ ಮಾತಾಡುವ ಹಕ್ಕು ನಮಗಿಲ್ಲ.

ಪ್ರಶ್ನೆ: ಕೀನ್ಯಾದಲ್ಲಿ ಹೆಚ್ಚಿನವರು ಕ್ರೈಸ್ತರೇ ಅಲ್ಲವೇ? ಹಾಗಿದ್ದರೆ ಇದು ಮಿಷನ್ ಸೇವೆ ಹೇಗಾಗುತ್ತದೆ?

ಹೌದು, ಅಲ್ಲಿ ಬಹುಸಂಖ್ಯಾತರು ಕ್ರೈಸ್ತರು. ನಮಗೆ ಆಮಂತ್ರಣ ಕೊಟ್ಟಿರುವುದೂ ಅಲ್ಲಿಯ ಸ್ಥಳೀಯ ಸಭೆಯೇ. ಒಂದು ಸಭೆ ಇನ್ನೊಂದು ಸಭೆಯ ಮಕ್ಕಳ ಓದಿಗೆ ನೆರವಾಗುವುದನ್ನು ನಾವು ಮಿಷನ್ ಸೇವೆ ಎಂದೇ ತಿಳಿಯುತ್ತೇವೆ.

ಪ್ರಶ್ನೆ: ಮಕ್ಕಳಿಗೆ ಸುವಾರ್ತೆಯನ್ನು ಸಾರಲಾಗುವುದೇ?

ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಹಾಡಲು, ಒಂದು ಬೈಬಲ್ ಕಥೆ ಹೇಳಲು ಮುಖ್ಯ ಶಿಕ್ಷಕರು ಕರೆದರೆ ಸಂತೋಷದಿಂದ ಮಾಡುತ್ತೇವೆ. ಭಾನುವಾರ ಸ್ಥಳೀಯ ಸಭೆಯ ಆರಾಧನೆಯಲ್ಲಿ ಭಾಗವಹಿಸುತ್ತೇವೆ. ಕನ್ನಡದ ಕೀರ್ತನೆಯೊಂದನ್ನು ಹಾಡಬೇಕೆಂದು ಅವರು ಈಗಾಗಲೇ ಕೇಳಿದ್ದಾರೆ. ತರಗತಿಯ ವೇಳೆ ಮಾತ್ರ ಪೂರ್ತಿಯಾಗಿ ಪಾಠಕ್ಕೆ ಮೀಸಲು. ಶಾಲೆಯಲ್ಲಿ ಮುಸ್ಲಿಂ ಮನೆಗಳ ಮಕ್ಕಳೂ ಇರಬಹುದು. ಪುಸ್ತಕವಾಗಲಿ ತಿಂಡಿಯಾಗಲಿ ಪ್ರಾರ್ಥನೆಗೆ ಕೂಡ್ರುವ ಮಗುವಿಗೆ ಒಂದು ರೀತಿ, ಕೂಡ್ರದ ಮಗುವಿಗೆ ಇನ್ನೊಂದು ರೀತಿ ಎಂದಾಗಬಾರದು. ಆಮಿಷದಿಂದ ಹುಟ್ಟಿದ ನಂಬಿಕೆ ಕರ್ತನಿಗೆ ಗೌರವ ತರುವುದಿಲ್ಲ, ಮಗುವಿಗೂ ಅದು ಅನ್ಯಾಯ.

ಪ್ರಶ್ನೆ: ಯಾತ್ರೆ ಮೇ ತಿಂಗಳಲ್ಲೇ ಏಕೆ? ದಸರಾ ರಜೆಯಲ್ಲಿ ಹೋಗಬಾರದೇ?

ಕೀನ್ಯಾದ ಶಾಲಾ ವರ್ಷ ಜನವರಿಯಲ್ಲಿ ಆರಂಭವಾಗಿ ಮೂರು ಅವಧಿಗಳಲ್ಲಿ ನಡೆಯುತ್ತದೆ. ಏಪ್ರಿಲ್‌ನಲ್ಲಿ ಅವರಿಗೆ ರಜೆ. ಏಪ್ರಿಲ್ ಕೊನೆಗೆ ಅಥವಾ ಮೇ ಆರಂಭಕ್ಕೆ ಎರಡನೇ ಅವಧಿ ತೆರೆಯುತ್ತದೆ. ನಮ್ಮ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಇರುವುದರಿಂದ, ಇಲ್ಲಿ ರಜೆಯೂ ಅಲ್ಲಿ ತರಗತಿಯೂ ಒಟ್ಟಿಗೆ ಇರುವ ಕಾಲವೆಂದರೆ ಮೇ ತಿಂಗಳು. ಅಕ್ಟೋಬರಿನಲ್ಲಿ ಅವರ ಮೂರನೇ ಅವಧಿ ಮುಗಿಯುತ್ತ ಬಂದು ಪರೀಕ್ಷೆಗಳ ಸಿದ್ಧತೆ ನಡೆದಿರುತ್ತದೆ. ಆಗ ಅತಿಥಿಗಳು ಬಂದು ತರಗತಿಯಲ್ಲಿ ನಿಂತರೆ ಶಿಕ್ಷಕರಿಗೆ ತೊಂದರೆಯೇ ಹೊರತು ಸಹಾಯವಲ್ಲ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲವಾದ್ದರಿಂದ ಕೊಡೆಯನ್ನೂ, ಕೆಸರಿನಲ್ಲಿ ನಡೆಯಬಲ್ಲ ಪಾದರಕ್ಷೆಯನ್ನೂ ಮರೆಯಬಾರದು.

ಪ್ರಶ್ನೆ: ತಂಡಕ್ಕೆ ಯಾರು ಸೇರಬಹುದು?

ಹದಿನೆಂಟು ವರ್ಷ ತುಂಬಿದ, ಆರೋಗ್ಯವಂತರಾದ, ತಮ್ಮ ಸಭಾಪಾಲಕರಿಂದ ಶಿಫಾರಸು ಪತ್ರ ಪಡೆದ ಯಾರೇ ಆಗಲಿ ಅರ್ಜಿ ಹಾಕಬಹುದು. ಶಿಕ್ಷಕರು, ನರ್ಸುಗಳು, ಬಡಿಗತನ ಮತ್ತು ವಿದ್ಯುತ್ ಕೆಲಸ ಬಲ್ಲವರು ಬಂದರೆ ಹೆಚ್ಚು ಉಪಯೋಗ. ಇಂಗ್ಲಿಷ್ ನಿರರ್ಗಳವಾಗಿರಬೇಕೆಂದಿಲ್ಲ, ನಿಧಾನವಾಗಿ ಸ್ಪಷ್ಟವಾಗಿ ಮಾತಾಡಲು ಬಂದರೆ ಸಾಕು. ಸರ್ಕಾರಿ ನೌಕರರು, ಅದರಲ್ಲೂ ಸರ್ಕಾರಿ ಶಾಲೆಯ ಶಿಕ್ಷಕರು, ವಿದೇಶ ಪ್ರಯಾಣಕ್ಕೆ ತಮ್ಮ ಇಲಾಖೆಯಿಂದ ಅನುಮತಿ ಪಡೆಯಬೇಕಾಗುವುದರಿಂದ ಬೇಗನೆ ಅರ್ಜಿ ಸಲ್ಲಿಸುವುದು ಒಳ್ಳೆಯದು.

ಪ್ರಶ್ನೆ: ಶಾಲೆಯಲ್ಲಿ ದಿನವಿಡೀ ನಾವು ಮಾಡುವ ಕೆಲಸವೇನು?

ಅಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಮನೆಮಾತಿನಲ್ಲೋ ಸ್ವಾಹಿಲಿಯಲ್ಲೋ ಕಲಿಯುತ್ತಾರೆ; ನಾಲ್ಕನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ. ಕಿಸುಮು ಭಾಗದಲ್ಲಿ ಮನೆಮಾತು ಬಹುಮಟ್ಟಿಗೆ ಲುವೊ. ಮನೆಯಲ್ಲೊಂದು ಭಾಷೆ, ಪೇಟೆಯಲ್ಲೊಂದು, ಪುಸ್ತಕದಲ್ಲಿ ಮತ್ತೊಂದು ಎಂಬ ಸ್ಥಿತಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್‌ಗಳ ನಡುವೆ ಬೆಳೆದ ಬೆಳಗಾವಿಯವರಿಗೆ ವಿವರಿಸಿ ಹೇಳಬೇಕಾದದ್ದಲ್ಲ. ನಾಲ್ಕನೇ ತರಗತಿಗೆ ಬಂದ ಮಗು ಇಂಗ್ಲಿಷ್ ಪುಸ್ತಕದ ಎದುರು ಹೇಗೆ ತಬ್ಬಿಬ್ಬಾಗುತ್ತದೆ ಎಂಬುದು ನಮಗೆ ಗೊತ್ತು, ಮತ್ತು ಮುಖ್ಯ ಶಿಕ್ಷಕರು ನಮ್ಮನ್ನು ಕೇಳಿರುವುದೂ ಅಲ್ಲಿಯೇ ಕೈಜೋಡಿಸಿರೆಂದು.

ತರಗತಿಯಲ್ಲಿ ಮಕ್ಕಳ ಸಂಖ್ಯೆ ದೊಡ್ಡದಾದ್ದರಿಂದ ಒಬ್ಬ ಶಿಕ್ಷಕರಿಗೆ ಪ್ರತಿ ಮಗುವಿನ ಓದನ್ನು ಕೇಳುವುದು ಆಗದ ಮಾತು. ನಾವು ನಾಲ್ಕೈದು ಮಕ್ಕಳ ಗುಂಪು ಮಾಡಿಕೊಂಡು, ಅವರು ಗಟ್ಟಿಯಾಗಿ ಓದುವುದನ್ನು ಕೇಳಬೇಕು. ಎಲ್ಲಿ ತಡವರಿಸುತ್ತಾರೆಂದು ಬರೆದಿಡಬೇಕು. ಸಂಜೆ ಆ ಬರಹವನ್ನು ತರಗತಿಯ ಶಿಕ್ಷಕರಿಗೆ ಒಪ್ಪಿಸಬೇಕು. ಇದು ಸಣ್ಣ ಕೆಲಸವೆಂದು ತೋರಬಹುದು. ಆದರೆ ನಾವು ಮರಳಿದ ಮೇಲೂ ಶಿಕ್ಷಕರ ಕೈಯಲ್ಲಿ ಉಳಿಯುವುದು ಅದೇ. ಇದರ ಜೊತೆಗೆ ಗಣಿತಕ್ಕೆ ಬೇಕಾದ ಕಲಿಕಾ ಸಾಮಗ್ರಿಗಳನ್ನು ಅಲ್ಲಿಯೇ ಸಿಗುವ ರಟ್ಟು, ಬೀಜ, ಕಡ್ಡಿಗಳಿಂದ ಶಿಕ್ಷಕರೊಡನೆ ಕೂಡಿ ತಯಾರಿಸುತ್ತೇವೆ. ಬೆಂಚು, ಕಿಟಕಿಗಳ ದುರಸ್ತಿಯನ್ನು ಸ್ಥಳೀಯ ಬಡಿಗರಿಗೇ ಕೂಲಿ ಕೊಟ್ಟು ಮಾಡಿಸಿ, ನಾವು ಅವರಿಗೆ ಕೈಯಾಳುಗಳಾಗುತ್ತೇವೆ. ಆ ಊರಿನವರ ದುಡಿಮೆಯನ್ನು ಪುಕ್ಕಟೆ ಕೆಲಸದಿಂದ ಕಸಿಯುವುದು ಸೇವೆಯಲ್ಲ.

ಯಾವ ತಂಡದ ಸದಸ್ಯರೂ ಶಿಕ್ಷಕರನ್ನು ಹೊರಗೆ ಕೂಡ್ರಿಸಿ ತಾವೇ ತರಗತಿ ನಡೆಸುವಂತಿಲ್ಲ.

ಪ್ರಶ್ನೆ: ಮಕ್ಕಳ ರಕ್ಷಣೆಗೆ ಯಾವ ನಿಯಮಗಳಿವೆ?

ಈ ನಿಯಮಗಳಲ್ಲಿ ಸಡಿಲಿಕೆ ಇಲ್ಲ, ಹಿರಿಯರಿಗೂ ಪಾಸ್ಟರಿಗೂ ಒಂದೇ ನಿಯಮ. ಪ್ರತಿಯೊಬ್ಬರೂ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಪಡೆದು ಅರ್ಜಿಯೊಂದಿಗೆ ಕೊಡಬೇಕು. ಯಾವ ವಯಸ್ಕರೂ ಒಂದು ಮಗುವಿನೊಂದಿಗೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಮಗುವನ್ನು ಶಾಲೆಯ ಆವರಣದಿಂದ ಹೊರಗೆ ಕರೆದೊಯ್ಯಬಾರದು. ಮಕ್ಕಳಿಗೆ ನಮ್ಮ ಫೋನ್ ನಂಬರು ಕೊಡುವುದು, ಅವರ ನಂಬರು ತೆಗೆದುಕೊಳ್ಳುವುದು, ಹಣ ಕಳಿಸುವ ಮಾತು ಕೊಡುವುದು ನಿಷಿದ್ಧ.

ಚಿತ್ರ ತೆಗೆಯುವ ವಿಷಯದಲ್ಲಿ ಯುವಕರಿಂದ ಹೆಚ್ಚು ಪ್ರಶ್ನೆಗಳು ಬರುತ್ತವೆ. ಕೀನ್ಯಾದಲ್ಲಿ 2019ರ ದತ್ತಾಂಶ ಸಂರಕ್ಷಣಾ ಕಾನೂನು ಮಗುವಿನ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ. ಕಾನೂನು ಇಲ್ಲದಿದ್ದರೂ ಒಂದು ಮಾತು ಯೋಚಿಸಬೇಕು: ಯಾರೋ ಅಪರಿಚಿತರು ನಮ್ಮ ಅಂಗನವಾಡಿಗೆ ಬಂದು, ಹರಿದ ಅಂಗಿ ತೊಟ್ಟ ನಮ್ಮ ಮಗುವಿನ ಚಿತ್ರವನ್ನು ತಮ್ಮ ಊರಿನವರಿಗೆ ತೋರಿಸಿದರೆ ನಮಗೆ ಹೇಗನಿಸುತ್ತದೆ? ಆದ್ದರಿಂದ ವಾಟ್ಸಾಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಯಾವುದರಲ್ಲೂ ಮಕ್ಕಳ ಮುಖ ಕಾಣುವ ಚಿತ್ರ ಹಾಕುವಂತಿಲ್ಲ. ಸಭೆಗೆ ವರದಿ ಒಪ್ಪಿಸಲು ಬೇಕಾದ ಚಿತ್ರಗಳನ್ನು ಶಾಲೆಯವರೇ ಪಾಲಕರ ಒಪ್ಪಿಗೆ ಪಡೆದು ಆರಿಸಿಕೊಡುತ್ತಾರೆ.

ಪ್ರಶ್ನೆ: ಅನಾಥಾಲಯದ ಭೇಟಿ ಇದೆಯೇ?

ಇಲ್ಲ. ಹೊರಗಿನವರು ಬಂದು ನಾಲ್ಕು ದಿನ ಮುದ್ದು ಮಾಡಿ ಹೊರಟುಹೋಗುವುದರಿಂದ, ಅದು ಪದೇ ಪದೇ ನಡೆಯುವುದರಿಂದ, ಆ ಮಕ್ಕಳ ಮನಸ್ಸಿಗೆ ಪೆಟ್ಟು ಬೀಳುತ್ತದೆ. ಕೀನ್ಯಾ ಸರ್ಕಾರವೂ ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳ ಆರೈಕೆಗೆ ಮರಳಿಸುವ ದಾರಿಯನ್ನು ಹಿಡಿದಿದೆ. ಶಾಲೆಯ ಮಗು ಸಂಜೆ ತನ್ನ ಮನೆಗೆ ಹೋಗುತ್ತದೆ; ನಮ್ಮ ಸೇವೆ ಅಲ್ಲಿಗೆ ಸೀಮಿತ.

ಪ್ರಶ್ನೆ: ಹಳೆಯ ಬಟ್ಟೆ, ಆಟಿಕೆ, ಚಾಕೊಲೇಟು ಒಯ್ಯಬಹುದೇ?

ದಯವಿಟ್ಟು ಬೇಡ. ಪುಸ್ತಕ, ಸೀಮೆಸುಣ್ಣ, ಚೆಂಡುಗಳೆಲ್ಲ ಕಿಸುಮುವಿನ ಅಂಗಡಿಗಳಲ್ಲೇ ಸಿಗುತ್ತವೆ. ಅಲ್ಲಿಯೇ ಕೊಂಡರೆ ಅಲ್ಲಿಯ ಪಠ್ಯಕ್ಕೆ ಹೊಂದುವ ಪುಸ್ತಕವೂ ಸಿಗುತ್ತದೆ, ಅಂಗಡಿಯವರಿಗೂ ವ್ಯಾಪಾರವಾಗುತ್ತದೆ. ಏನು ಕೊಟ್ಟರೂ ಶಾಲೆಗೆ ಕೊಡಬೇಕು, ಮಗುವಿನ ಕೈಗೆ ನೇರವಾಗಿ ಕೊಡಬಾರದು. ಒಂದು ಮಗುವಿಗೆ ಸಿಕ್ಕು ಇನ್ನೊಂದಕ್ಕೆ ಸಿಗದೆ ಹೋದರೆ ಅದರ ಜಗಳವನ್ನು ಬಿಡಿಸುವವರು ನಾವಲ್ಲ, ಅಲ್ಲಿಯ ಶಿಕ್ಷಕರು. ಆತಿಥೇಯರ ಮನೆಗಳಿಗೆ ಮಾತ್ರ ನಮ್ಮ ಕಡೆಯ ಪ್ರೀತಿಯ ಗುರುತಾಗಿ ಗೋಕಾಕದ ಅಥವಾ ಅಮೀನಗಡದ ಕರದಂಟು ಒಯ್ಯೋಣ. ಬೆಳಗಾವಿ ಕುಂದಾ ಹಾಲಿನದಾದ್ದರಿಂದ ಅಷ್ಟು ದೂರದ ಪ್ರಯಾಣಕ್ಕೆ ತಡೆಯದು.

ಪ್ರಶ್ನೆ: ಪಾಸ್‌ಪೋರ್ಟ್ ಮತ್ತು ಪ್ರವೇಶಾನುಮತಿಯ ವ್ಯವಸ್ಥೆ ಹೇಗೆ?

ಪಾಸ್‌ಪೋರ್ಟ್ ಇಲ್ಲದವರು ಕೂಡಲೇ ಅರ್ಜಿ ಹಾಕಬೇಕು. ಬೆಳಗಾವಿ ಮತ್ತು ವಿಜಯಪುರದ ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ, ಹುಬ್ಬಳ್ಳಿಯಲ್ಲೂ ಇದೆ. ವಯಸ್ಕರಿಗೆ 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ. ಈಗಾಗಲೇ ಪಾಸ್‌ಪೋರ್ಟ್ ಇರುವವರು ಅದರ ಅವಧಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿದೆಯೇ ನೋಡಿಕೊಳ್ಳಬೇಕು.

ಕೀನ್ಯಾ 2024ರ ಜನವರಿಯಿಂದ ವೀಸಾದ ಬದಲು ವಿದ್ಯುನ್ಮಾನ ಪ್ರಯಾಣಾನುಮತಿಯನ್ನು ಜಾರಿಗೆ ತಂದಿದೆ. ಪ್ರತಿಯೊಬ್ಬರೂ ಆನ್‌ಲೈನ್‌ನಲ್ಲಿ ಮುಂಚಿತವಾಗಿ ಪಡೆಯಬೇಕು. ಆದರೆ ಪ್ರವಾಸಿಗನ ಅನುಮತಿಯಲ್ಲಿ ಹೋಗಿ ಶಾಲೆಯಲ್ಲಿ ಕೆಲಸ ಮಾಡುವುದು, ಅದು ಸಂಬಳವಿಲ್ಲದ ಸೇವೆಯೇ ಆಗಿರಲಿ, ಬೇರೆ ವಿಷಯ. ಅಲ್ಪಾವಧಿಯ ಕೆಲಸಕ್ಕೆಂದು ಅಲ್ಲಿಯ ವಲಸೆ ಇಲಾಖೆ ಸ್ಪೆಷಲ್ ಪಾಸ್ ಕೊಡುತ್ತದೆ. ಇದಕ್ಕೆ ಆತಿಥೇಯ ಸಭೆ ಅರ್ಜಿ ಹಾಕುತ್ತದೆ. ಅನುಮತಿ ಕೈಗೆ ಬಂದ ಮೇಲೆಯೇ ಟಿಕೆಟ್ ಕೊಳ್ಳಲಾಗುವುದು. ವಿಮಾನ ನಿಲ್ದಾಣದ ಅಧಿಕಾರಿ ಏತಕ್ಕೆ ಬಂದಿರಿ ಎಂದು ಕೇಳಿದಾಗ ಸುತ್ತಿ ಬಳಸದೆ ಇದ್ದದ್ದನ್ನು ಹೇಳುವಂತಿರಬೇಕು. ಸುಳ್ಳಿನಿಂದ ಆರಂಭವಾಗುವ ಯಾತ್ರೆಯನ್ನು ದೇವರ ಸೇವೆ ಎನ್ನಲಾಗದು.

ಪ್ರಶ್ನೆ: ಯಾವ ಲಸಿಕೆಗಳು ಬೇಕು? ಮಲೇರಿಯಾದ ಭಯವಿದೆಯೇ?

ಮೊದಲನೆಯದು ಹಳದಿ ಜ್ವರದ ಲಸಿಕೆ. ಕೀನ್ಯಾದಂಥ ದೇಶದಿಂದ ಭಾರತಕ್ಕೆ ಮರಳುವವರು ಈ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಜೀವನಪರ್ಯಂತ ನಡೆಯುತ್ತದೆ. ಇದು ಎಲ್ಲ ಆಸ್ಪತ್ರೆಗಳಲ್ಲಿ ಸಿಗದು. ಮುಂಬೈ, ಗೋವಾ, ಬೆಂಗಳೂರಿನಂಥ ಸ್ಥಳಗಳಲ್ಲಿರುವ ಸರ್ಕಾರ ನಿಗದಿಪಡಿಸಿದ ಕೇಂದ್ರಗಳಿಗೇ ಹೋಗಬೇಕು. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಟೈಫಾಯಿಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆಗಳ ಕುರಿತೂ ಅದೇ ಸಮಯಕ್ಕೆ ವಿಚಾರಿಸಿರಿ.

ಮಲೇರಿಯಾ ವಿಷಯದಲ್ಲಿ ಉದಾಸೀನ ಸಲ್ಲದು. ನೈರೋಬಿ ಎತ್ತರದ ತಂಪು ಊರು, ಅಲ್ಲಿ ಅಪಾಯ ಕಡಿಮೆ. ಕಿಸುಮು ವಿಕ್ಟೋರಿಯಾ ಸರೋವರದ ದಂಡೆಯಲ್ಲಿರುವುದರಿಂದ ಅಲ್ಲಿ ಮಲೇರಿಯಾ ಹೆಚ್ಚು, ಅದೂ ಮೆದುಳಿಗೆ ಏರಬಲ್ಲ ಫಾಲ್ಸಿಪಾರಮ್ ಜಾತಿಯದು. ವೈದ್ಯರು ಬರೆದುಕೊಟ್ಟ ತಡೆಗುಳಿಗೆಯನ್ನು ಹೊರಡುವ ಮೊದಲೇ ಆರಂಭಿಸಿ, ಮರಳಿದ ಮೇಲೂ ಅವರು ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಮನೆಗೆ ಬಂದೆವೆಂದು ಗುಳಿಗೆ ಬಿಟ್ಟವರಿಗೇ ಕಾಯಿಲೆ ಬರುವುದುಂಟು. ರಾತ್ರಿ ಸೊಳ್ಳೆಪರದೆಯೊಳಗೇ ಮಲಗಬೇಕು. ಸರೋವರ ಎಷ್ಟೇ ಚೆಂದ ಕಂಡರೂ ಅದರಲ್ಲಿ ಇಳಿಯಬಾರದು. ಬಸವನಹುಳುಗಳ ಮೂಲಕ ಹರಡುವ ಬಿಲ್ಹಾರ್ಜಿಯಾ ಎಂಬ ರೋಗದ ಪರಾವಲಂಬಿಗಳು ನೀರಿನಿಂದ ಚರ್ಮದ ಮೂಲಕವೇ ದೇಹವನ್ನು ಹೊಗುತ್ತವೆ.

ಪ್ರಶ್ನೆ: ಖರ್ಚನ್ನು ಯಾರು ಭರಿಸುತ್ತಾರೆ? ಸಭೆಯ ಕಾಣಿಕೆಯಿಂದ ಕೊಡಬಹುದೇ?

ಪ್ರಯಾಣ, ಊಟ, ವಸತಿ, ಲಸಿಕೆ, ವಿಮೆಯ ವೆಚ್ಚವನ್ನು ಪ್ರತಿಯೊಬ್ಬರೂ ತಾವೇ ಭರಿಸಬೇಕು. ಅನುಕೂಲವಿಲ್ಲದವರಿಗೆ ಸಭೆಯ ಕುಟುಂಬಗಳು ವೈಯಕ್ತಿಕವಾಗಿ ನೆರವಾಗಬಹುದು, ಮತ್ತು ಹಣದ ಕಾರಣದಿಂದ ಯಾರೂ ಹಿಂದೆ ಉಳಿಯಬಾರದೆಂಬುದು ನಮ್ಮ ಆಸೆ. ಆದರೆ ಕಾಣಿಕೆಯೂ ಸೇರಿ ಸಭೆಯ ಟ್ರಸ್ಟಿನ ಹಣವನ್ನು ಇದಕ್ಕೆ ಮುಟ್ಟುವುದಿಲ್ಲ. ಧರ್ಮಾರ್ಥ ಟ್ರಸ್ಟ್ ತನ್ನ ಆದಾಯವನ್ನು ಭಾರತದೊಳಗೆ ವೆಚ್ಚ ಮಾಡಿದಾಗಲೇ ತೆರಿಗೆ ವಿನಾಯಿತಿ. ಹೊರದೇಶದ ವೆಚ್ಚಕ್ಕೆ ಪ್ರತ್ಯೇಕ ಅನುಮತಿ ಬೇಕು. ಶಾಲೆಗೆ ಹಣ ಕಳಿಸಬಯಸುವ ವ್ಯಕ್ತಿಗಳು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ತಮ್ಮ ಬ್ಯಾಂಕಿನ ಮೂಲಕವೇ ಕಳಿಸಬೇಕು. ತಂಡದವರ ಚೀಲದಲ್ಲಿ ನೋಟುಗಳನ್ನಿಟ್ಟು ಕಳಿಸುವುದನ್ನು ಒಪ್ಪಲಾಗುವುದಿಲ್ಲ. ಅಲ್ಲಿ ದಿನನಿತ್ಯದ ವ್ಯವಹಾರ ಬಹುಪಾಲು ಎಂ-ಪೆಸಾ ಎಂಬ ಮೊಬೈಲ್ ಹಣದಲ್ಲೇ ನಡೆಯುತ್ತದೆ. ನಮ್ಮಲ್ಲಿ ಯುಪಿಐ ಬರುವುದಕ್ಕಿಂತ ಎಷ್ಟೋ ಮೊದಲು, 2007ರಲ್ಲೇ ಅದು ಆರಂಭವಾಗಿದೆ.

ಪ್ರಶ್ನೆ: ಊಟ ಹೇಗಿರುತ್ತದೆ?

ಉಗಾಲಿ ಎಂದರೆ ಗೋವಿನಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಅದರ ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ ಅಥವಾ ಸರೋವರದ ಮೀನು. ಗೋವಿನಜೋಳ ಮತ್ತು ಕಾಳು ಕೂಡಿಸಿ ಬೇಯಿಸಿದ ಗಿಥೇರಿ ಶಾಲೆಗಳಲ್ಲಿ ಸಾಮಾನ್ಯ. ಖಾರ ಇರುವುದಿಲ್ಲ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಪುಡಿ ಸ್ವಲ್ಪ ಒಯ್ದರೆ ತಪ್ಪೇನಿಲ್ಲ, ಆದರೆ ಬಡಿಸಿದವರ ಎದುರಿಗೆ ಅದನ್ನು ಸುರಿದುಕೊಳ್ಳುವುದು ಬೇಡ. ಹಾಲು ಹಾಕಿದ ಚಹಾ ಎಲ್ಲೆಡೆ ಸಿಗುತ್ತದೆ. ಚಪಾತಿಯೂ ಅವರ ಅಡುಗೆಯ ಭಾಗವೇ ಆಗಿದೆ. ಮೊಂಬಾಸಾದಿಂದ 1901ರಲ್ಲಿ ಕಿಸುಮುವರೆಗೆ ತಲುಪಿದ ರೈಲುಹಾದಿಯನ್ನು ಹಾಕಲು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಕಾರರು ಹೋಗಿದ್ದರು, ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲಿಯೇ ಪ್ರಾಣ ಬಿಟ್ಟರು. ಭಾರತೀಯರ ಮುಖ ಕಿಸುಮುವಿಗೆ ಹೊಸದಲ್ಲ.

ಪ್ರಶ್ನೆ: ಸಾಮಾನು ಕಟ್ಟುವಾಗ ಏನನ್ನು ಗಮನಿಸಬೇಕು?

ಪ್ಲಾಸ್ಟಿಕ್ ಕೈಚೀಲ. ಕೀನ್ಯಾ 2017ರ ಆಗಸ್ಟಿನಿಂದ ಇವುಗಳನ್ನು ನಿಷೇಧಿಸಿದ್ದು, ಭಾರಿ ದಂಡ ಮತ್ತು ಜೈಲು ಶಿಕ್ಷೆ ಎರಡೂ ಇವೆ. ಚಪ್ಪಲಿ, ಒಗೆಯುವ ಬಟ್ಟೆ, ಚಟ್ನಿಪುಡಿ ಎಲ್ಲವನ್ನೂ ಬಟ್ಟೆಯ ಚೀಲದಲ್ಲೋ ಡಬ್ಬಿಯಲ್ಲೋ ಹಾಕಿರಿ. ಅಲ್ಲಿಯ ವಿದ್ಯುತ್ ಪ್ಲಗ್ಗು ಮೂರು ಚಪ್ಪಟೆ ಪಿನ್ನಿನದಾದ್ದರಿಂದ ಅಡಾಪ್ಟರ್ ಬೇಕು. ಉಡುಪು ಶಾಲೆಗೆ ಒಪ್ಪುವಂತೆ ಸಭ್ಯವಾಗಿರಲಿ.

ಪ್ರಶ್ನೆ: ಏನಾದರೂ ಆಪತ್ತು ಬಂದರೆ? ಮನೆಯವರು ಸಂಪರ್ಕಿಸುವುದು ಹೇಗೆ?

ಎಲ್ಲರಿಗೂ ವೈದ್ಯಕೀಯ ಸ್ಥಳಾಂತರವನ್ನು ಒಳಗೊಂಡ ಪ್ರಯಾಣ ವಿಮೆ ಕಡ್ಡಾಯ. ನೈರೋಬಿಯಲ್ಲಿ ಭಾರತದ ಹೈಕಮಿಷನ್ ಇದೆ. ತಂಡದ ವಿವರವನ್ನು ಮುಂಚಿತವಾಗಿ ಅಲ್ಲಿಗೆ ತಿಳಿಸಲಾಗುವುದು. ಕೀನ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ; ಅವರ ಸಂಜೆ ಏಳಕ್ಕೆ ಇಲ್ಲಿ ಒಂಬತ್ತೂವರೆ. ಪ್ರತಿ ಸಂಜೆ ತಂಡದ ನಾಯಕರು ಮನೆಯವರ ಗುಂಪಿಗೆ ಕ್ಷೇಮ ಸಮಾಚಾರ ಕಳಿಸುತ್ತಾರೆ.

ಪ್ರಶ್ನೆ: ಮರಳಿದ ಮೇಲೆ ನಮ್ಮ ಹೊಣೆ ಮುಗಿಯಿತೇ?

ಇಲ್ಲ. ತಿಂಗಳೊಳಗೆ ಸಭೆಯ ಮುಂದೆ ವರದಿ ಒಪ್ಪಿಸಬೇಕು. ಅದರಲ್ಲಿ ಅಲ್ಲಿಯ ಶಿಕ್ಷಕರು ನಮ್ಮ ಕೆಲಸದ ಕುರಿತು ಹೇಳಿದ ಮಾತುಗಳನ್ನು, ಟೀಕೆಯನ್ನೂ ಸೇರಿಸಿ, ಇದ್ದ ಹಾಗೆ ಓದಲಾಗುವುದು. ಮುಂದಿನ ವರ್ಷ ಮತ್ತೆ ಬರಬೇಕೋ ಬೇಡವೋ ಎಂಬುದನ್ನು ಆ ಶಾಲೆಯೇ ನಿರ್ಧರಿಸುತ್ತದೆ. ಬಂದ ನಂತರದ ಮೂರು ತಿಂಗಳೊಳಗೆ ಜ್ವರ ಕಾಣಿಸಿಕೊಂಡರೆ, ಅದು ಸಾಧಾರಣ ಜ್ವರವೆಂದು ಮನೆಯಲ್ಲಿ ಕೂಡ್ರದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕೀನ್ಯಾಕ್ಕೆ ಹೋಗಿಬಂದಿರುವುದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕು.

ಪ್ರಶ್ನೆ: ಅರ್ಜಿ ಸಲ್ಲಿಸುವುದು ಹೇಗೆ?

ಅರ್ಜಿ ನಮೂನೆ ಸಭೆಯ ಕಚೇರಿಯಲ್ಲಿ ಸಿಗುತ್ತದೆ. ಸಭಾಪಾಲಕರ ಶಿಫಾರಸು ಪತ್ರ, ಪಾಸ್‌ಪೋರ್ಟಿನ ಪ್ರತಿ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ವೈದ್ಯರ ದೃಢೀಕರಣ ಮತ್ತು ಮಕ್ಕಳ ರಕ್ಷಣೆಯ ನಿಯಮಗಳಿಗೆ ಸಹಿ ಮಾಡಿದ ಪತ್ರವನ್ನು ಲಗತ್ತಿಸಿ, ದಸರಾ ರಜೆ ಮುಗಿಯುವುದರೊಳಗೆ ಕೊಡಬೇಕು. ಸಂದರ್ಶನಕ್ಕೆ ಬರುವಾಗ ವಿವಾಹಿತರು ಪತಿ ಅಥವಾ ಪತ್ನಿಯನ್ನೂ, ಅವಿವಾಹಿತರು ತಂದೆತಾಯಿಯರಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆತರಬೇಕು. ಅವರಿಗೂ ಕೇಳುವ ಪ್ರಶ್ನೆಗಳಿರುತ್ತವೆ, ಅವುಗಳಿಗೂ ಉತ್ತರಿಸುತ್ತೇವೆ.